ಲಕಾರಕ್ಕೂ ಳಕಾರಕ್ಕೂ ನಡುವೆ ಒಂದು ಬಿಟ್

ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿಗೆ ಸೇರಿದ ಕಳಲೆ ಗ್ರಾಮವು ಇತಿಹಾಸವನ್ನು ಓದಿದವರಿಗೆ ಅಪರಿಚಿತವಾದುದಲ್ಲ. ಮೈಸೂರು ಒಡೆಯರ ಕಾಲದಲ್ಲಿ ದಳವಾಯಿ ಪದವಿಯನ್ನು ವಹಿಸಿ ರಾಜ್ಯದ ಆಡಳಿತವನ್ನೇ ಕೈಯಲ್ಲಿ ಹಿಡಿದಿದ್ದ ಮನೆತನವು ಈ ಊರಿನದು. ಮಲೆನಾಡಿನ ವಾಚಕರಿಗೆ ಆ ಹೆಸರನ್ನು ಕೇಳಿದೊಡನೆ ದಳವಾಯಿಗಳಿಗಿಂತ ಮೊದಲು ಎಳೆಬಿದಿರಿನ ಪಲ್ಯವು ನೆನಪಿಗೆ ಬಂದರೆ ಅದೂ ತಪ್ಪಲ್ಲ. ಬಿದಿರಿನ ಎಳೆಯ ಮೊಳಕೆಗೆ ಕನ್ನಡದಲ್ಲಿ ಕಳಲೆಯೆಂದೇ ಹೆಸರು. ಆದರೆ ನಾವು ಇಲ್ಲಿ ಆ ಹೆಸರನ್ನು ಎತ್ತಿಕೊಂಡಿರುವುದು ಇತಿಹಾಸಕ್ಕಾಗಿಯೂ ಅಲ್ಲ, ಊಟಕ್ಕಾಗಿಯೂ ಅಲ್ಲ. ಅದರಲ್ಲಿ ಒಂದರ ಪಕ್ಕದಲ್ಲಿ ಒಂದು ಕುಳಿತಿರುವ ಳಕಾರ ಲಕಾರಗಳಿಗಾಗಿ.

ಆಂಗ್ಲ ಲಿಪಿಯಲ್ಲಿ ಈ ಹೆಸರನ್ನು ಬರೆದರೆ ಎರಡು ಅಕ್ಷರಗಳಿಗೂ 'ಎಲ್' ಒಂದೇ ಗತಿ. ಪರಸ್ಥಳದವನು ಅದನ್ನು ಕಲಲೆ ಎಂದೋ, ಕಲಳೆ ಎಂದೋ, ಕಳಳೆ ಎಂದೋ ಓದಿದರೆ ಅವನನ್ನು ದೂರುವಂತಿಲ್ಲ. ಹೆಸರಿನ ಮಾತು ಹಾಗಿರಲಿ. 'ಬೆಳೆ' ಎಂದು ಬರೆಯಬೇಕಾದಲ್ಲಿ 'ಬೆಲೆ' ಎಂದಾದರೆ ರೈತನ ಲೆಕ್ಕವೇ ಬೇರೆಯಾಗುತ್ತದೆ. 'ಹಳ್ಳಿ'ಯು 'ಹಲ್ಲಿ'ಯಾದರೆ ಏನಾಗುವುದೆಂಬುದನ್ನು ಹೇಳಬೇಕಾಗಿಯೇ ಇಲ್ಲ. ಕನ್ನಡವು ಇಷ್ಟೊಂದು ಎಚ್ಚರದಿಂದ ಕಾಪಾಡಿಕೊಂಡು ಬಂದಿರುವ ಈ ಭೇದವನ್ನು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕೆಗಳನ್ನು ಬಲ್ಲ ಗಣಕಯಂತ್ರವು ಹೇಗೆ ಉಳಿಸಿಕೊಳ್ಳುತ್ತದೆ? ಕೇವಲ ಒಂದೇ ಒಂದು ಬಿಟ್‌ನಿಂದ ಎಂಬುದೇ ಇದಕ್ಕೆ ಉತ್ತರ. ಆ ಒಂದು ಬಿಟ್ಟನ್ನು ನೋಡುವುದು, ಬದಲಿಸುವುದು, ಸರಿಸುವುದು, ಕಾಯುವುದು ಹೇಗೆಂಬುದನ್ನು ಕಲಿತರೆ ಪ್ರೋಗ್ರಾಂ ಬರೆಯುವವರು 'ಬಿಟ್ ಕೌಶಲಗಳು' ಎಂದು ಕರೆಯುವ ವಿದ್ಯೆಯ ಬಹುಭಾಗವನ್ನು ಕಲಿತಂತೆಯೇ ಸರಿ.

ಗಣಕಯಂತ್ರದಲ್ಲಿ ಅಕ್ಷರವೆಂಬುದು ಒಂದು ಸಂಖ್ಯೆ. ಭಾರತದ ಲಿಪಿಗಳಿಗಾಗಿ 1988ರಲ್ಲಿ ರೂಪುಗೊಂಡ 'ಇಸ್ಕಿ' ಎಂಬ ಸಂಕೇತಪದ್ಧತಿಯ ಜೋಡಣೆಯನ್ನೇ ಅನುಸರಿಸಿ, 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಕೊಡಲಾಯಿತು. ಅದರ ಪ್ರಕಾರ ಕಳಲೆ ಎಂಬುದು ನಾಲ್ಕು ಸಂಖ್ಯೆಗಳ ಸಾಲು: ಕ 3221, ಳ 3251, ಲ 3250, ಕೊನೆಗೆ ಎತ್ವದ ಚಿಹ್ನೆ 3270. ಕಣ್ಣಿಗೆ ಕಾಣುವ ಅಕ್ಷರಗಳು ಮೂರಾದರೂ ಯಂತ್ರದ ಎಣಿಕೆಗೆ ನಾಲ್ಕು. ಪೈಥಾನ್ ಭಾಷೆಯಲ್ಲಿ ಈ ಪದದ ಉದ್ದವನ್ನು ಕೇಳಿ 4 ಎಂಬ ಉತ್ತರವನ್ನು ಕಂಡು ಬೆರಗಾದ ವಿದ್ಯಾರ್ಥಿಗಳು ಅನೇಕರು.

ಈಗ ಳ ಮತ್ತು ಲ ಅಕ್ಷರಗಳ ಸಂಖ್ಯೆಗಳನ್ನು ದ್ವಿಮಾನ ಪದ್ಧತಿಯಲ್ಲಿ ಬರೆಯೋಣ. ದಶಮಾನದಲ್ಲಿ ಸ್ಥಾನಬೆಲೆಗಳು ಒಂದು, ಹತ್ತು, ನೂರು ಎಂದು ಏರುವಂತೆ ಇಲ್ಲಿ ಬಲದಿಂದ ಎಡಕ್ಕೆ 1, 2, 4, 8, 16 ಎಂದು ಇಮ್ಮಡಿಯಾಗುತ್ತ ಹೋಗುತ್ತವೆ.

110010110011 (ಳ, 3251)
110010110010 (ಲ, 3250)

ಹನ್ನೆರಡು ಸ್ಥಾನಗಳ ಪೈಕಿ ಹನ್ನೊಂದು ಒಂದೇ ತೆರನಾಗಿವೆ. ಬಲತುದಿಯ ಬಿಟ್ ಮಾತ್ರ ಬೇರೆ. ಕಳಲೆಯನ್ನು ಕಲಲೆಯಾಗದಂತೆ ತಡೆದಿರುವುದು ಇದೊಂದೇ.

ಬಿಟ್‌ಗಳ ಮೇಲೆ ನಡೆಸುವ ಕ್ರಿಯೆಗಳಲ್ಲಿ ಮೊದಲನೆಯದು 'ಆಂಡ್'. ಸಿ, ಪೈಥಾನ್ ಮೊದಲಾದ ಭಾಷೆಗಳಲ್ಲಿ ಅದರ ಚಿಹ್ನೆ &. ಎರಡು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು, ಎರಡರಲ್ಲಿಯೂ 1 ಇರುವ ಸ್ಥಾನದಲ್ಲಿ ಮಾತ್ರ 1ನ್ನೂ ಉಳಿದೆಡೆ 0ಯನ್ನೂ ಬರೆಯುವುದು ಇದರ ನಿಯಮ. ಶಾಲೆಯ ಕೂಡುವ ಲೆಕ್ಕದಲ್ಲಿರುವಂತೆ ದಶಕ ಒಯ್ಯುವ ತೊಂದರೆ ಇಲ್ಲಿಲ್ಲ. ಪ್ರತಿಯೊಂದು ಸ್ಥಾನವೂ ಸ್ವತಂತ್ರ. ಈ ಕ್ರಿಯೆಯಲ್ಲಿ ಕೆಳಗಿನ ಸಂಖ್ಯೆಯು ಒಂದು ಮುಸುಕಿನಂತೆ ಕೆಲಸ ಮಾಡುತ್ತದೆ. ಅದರಲ್ಲಿ 0 ಇದ್ದೆಡೆ ಮೇಲಿನದು ಮರೆಯಾಗುತ್ತದೆ, 1 ಇದ್ದೆಡೆ ಹಾಗೆಯೇ ಕಾಣುತ್ತದೆ. ಏಳು ಒಂದುಗಳುಳ್ಳ 127 ಎಂಬ ಮುಸುಕನ್ನು ಳಕಾರದ ಮೇಲೆ ಹೊದಿಸಿದರೆ:

110010110011 (ಳ, 3251)
000001111111 (ಮುಸುಕು, 127)
000000110011 (ಫಲ, 51)

ಎಡಗಡೆಯ ಐದು ಬಿಟ್‌ಗಳು ಅಳಿಸಿಹೋಗಿ ಬಲಗಡೆಯ ಏಳು ಉಳಿದವು. ಅಳಿದ ಐದನ್ನೇ ಪಡೆಯಬೇಕಾದರೆ ಸಂಖ್ಯೆಯನ್ನು ಏಳು ಸ್ಥಾನ ಬಲಕ್ಕೆ ಸರಿಸಬೇಕು. 3251 >> 7 ಎಂದು ಬರೆದರೆ ಬಲಗಡೆಯ ಏಳು ಬಿಟ್‌ಗಳು ಅಂಚಿನಿಂದಾಚೆಗೆ ಬಿದ್ದು 11001, ಅಂದರೆ 25, ಉಳಿಯುತ್ತದೆ. ಹೀಗೆ 3251 ಎಂಬುದು 25ನೆಯ ಬೀದಿಯ 51ನೆಯ ಮನೆಯೆಂದು ಭಾವಿಸಬಹುದು. ಕಕಾರದ ಮನೆ 21, ಲಕಾರದ್ದು 50, ಎತ್ವದ್ದು 70. ಬೀದಿ ಮಾತ್ರ ಎಲ್ಲಕ್ಕೂ ಒಂದೇ. ಕನ್ನಡ ಲಿಪಿ ಎಂದರೆ 25ನೆಯ ಬೀದಿ.

ಬೇರೆ ಬೀದಿಗಳಲ್ಲಿ ಯಾರಿದ್ದಾರೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. 18ನೆಯದು ದೇವನಾಗರಿಯದು, 23 ತಮಿಳಿನದು, 24 ತೆಲುಗಿನದು, 26 ಮಲೆಯಾಳದ್ದು. ಸ್ವಾರಸ್ಯವೇನೆಂದರೆ, ಈ ಬೀದಿಗಳಲ್ಲೆಲ್ಲ ಕಕಾರವು ಇರುವುದು 21ನೆಯ ಮನೆಯಲ್ಲಿಯೇ, ಲಕಾರವು 50ರಲ್ಲಿಯೇ, ಳಕಾರವು 51ರಲ್ಲಿಯೇ! ಭಾರತದ ಲಿಪಿಗಳು ಒಂದೇ ಬ್ರಾಹ್ಮಿಯಿಂದ ಹುಟ್ಟಿದ ಅಕ್ಕತಂಗಿಯರೆಂಬುದನ್ನು ಮನಸ್ಸಿನಲ್ಲಿಟ್ಟು ಇಸ್ಕಿಯ ಕರ್ತರು ಎಲ್ಲಕ್ಕೂ ಒಂದೇ ಜೋಡಣೆಯನ್ನು ಗೊತ್ತುಪಡಿಸಿದ್ದರು. ಯೂನಿಕೋಡ್ ಅದನ್ನು ಉಳಿಸಿಕೊಂಡಿತು. ಆದುದರಿಂದ ದೇವನಾಗರಿಯ ಬರಹವೊಂದನ್ನು ಕನ್ನಡ ಲಿಪಿಗೆ ತರಬೇಕಾದರೆ, ಪ್ರತಿಯೊಂದು ಅಕ್ಷರಕ್ಕೂ 127ರ ಮುಸುಕು ಹಾಕಿ ಮನೆಯ ಸಂಖ್ಯೆಯನ್ನು ತೆಗೆದುಕೊಂಡು, ಅದನ್ನು ಕನ್ನಡದ ಬೀದಿಯೊಡನೆ 'ಆರ್' ಕ್ರಿಯೆಯಿಂದ ಕೂಡಿಸಿದರಾಯಿತು. ಆರ್ ಎಂದರೆ ಎರಡರಲ್ಲಿ ಒಂದಾದರೂ 1 ಇದ್ದರೆ 1. ಅದರ ಚಿಹ್ನೆ | ಎಂಬ ನಿಂತ ಗೆರೆ. ದೇವನಾಗರಿಯ ಳಕಾರ 2355; 127ರೊಡನೆ ಆಂಡ್ ಮಾಡಿದರೆ 51; 3200ರೊಡನೆ ಆರ್ ಮಾಡಿದರೆ 3251. ಅಕ್ಷರಕ್ಕೊಂದರಂತೆ ಪಟ್ಟಿಯೊಂದನ್ನು ಬರೆದುಕೊಂಡು ಹುಡುಕುವ ಶ್ರಮವೇ ತಪ್ಪಿಹೋಯಿತು.

ತೆಲುಗಿನ ವಿಷಯವಂತೂ ಇನ್ನೂ ರಮ್ಯವಾಗಿದೆ. ತೆಲುಗಿನ ಬೀದಿ 24, ದ್ವಿಮಾನದಲ್ಲಿ 11000. ಕನ್ನಡದ್ದು 25, ಅಂದರೆ 11001. ಎರಡು ಲಿಪಿಗಳಿಗೂ ಇರುವ ಅಂತರ ಒಂದೇ ಬಿಟ್. ಇವೆರಡೂ ಹಳೆಯ ಕನ್ನಡ-ತೆಲುಗು ಲಿಪಿಯಿಂದ ಕವಲೊಡೆದವುಗಳೆಂದು ಲಿಪಿಶಾಸ್ತ್ರಜ್ಞರು ಹೇಳುವುದನ್ನು ಕೇಳಿದವರಿಗೆ ಈ ಸಾಮೀಪ್ಯವು ಹಿತವಾಗಿ ಕಾಣುತ್ತದೆ. ಆದರೆ ಬೀದಿಗಳನ್ನು ಸಾಲಾಗಿ ಹಂಚಿದಾಗ ಹಾಗೆ ಒದಗಿಬಂದಿತೇ ಹೊರತು ಲಿಪಿಶಾಸ್ತ್ರದ ಪ್ರಮಾಣವೇನೂ ಅದರಲ್ಲಿಲ್ಲ. ಒಂದು ಬಿಟ್ಟನ್ನು ತಿರುಗಿಸುವ ಕ್ರಿಯೆಗೆ 'ಎಕ್ಸಾರ್' ಎಂದು ಹೆಸರು, ಚಿಹ್ನೆ ^. ಎರಡು ಬಿಟ್‌ಗಳು ಬೇರೆಬೇರೆಯಾಗಿದ್ದರೆ 1, ಒಂದೇ ಆಗಿದ್ದರೆ 0 ಎಂಬುದು ಅದರ ನಿಯಮ. ತೆಲುಗಿನ ಳಕಾರವಾದ 3123ನ್ನು 128ರೊಡನೆ ಎಕ್ಸಾರ್ ಮಾಡಿದರೆ ಕನ್ನಡದ 3251 ಬರುತ್ತದೆ. ಆ 3251ನ್ನು ಮತ್ತೆ 128ರೊಡನೆ ಎಕ್ಸಾರ್ ಮಾಡಿದರೆ ಪುನಃ 3123! ಹೋಗುವುದಕ್ಕೂ ಬರುವುದಕ್ಕೂ ಒಂದೇ ಬಾಗಿಲು. ಎಕ್ಸಾರನ್ನು ಗೂಢಲಿಪಿಯಲ್ಲಿ ಅಷ್ಟೊಂದು ಬಳಸುವುದಕ್ಕೆ ಕಾರಣವೂ ಈ ಗುಣವೇ.

ಇಷ್ಟು ಸುಲಭವೆಂದು ತಿಳಿದು ಯಾರಾದರೂ ಹಳಗನ್ನಡದ ಗ್ರಂಥವೊಂದನ್ನು ಹೀಗೆ ಪರಿವರ್ತಿಸಲು ಹೊರಟರೆ ಎಡವುವುದು ಖಂಡಿತ. ಹಳಗನ್ನಡದಲ್ಲಿದ್ದು ಈಗ ಬಳಕೆ ತಪ್ಪಿರುವ ೞ ಎಂಬ ಅಕ್ಷರವು ತಮಿಳಿನಲ್ಲಿಯೂ ಮಲೆಯಾಳದಲ್ಲಿಯೂ ಇಂದಿಗೂ ಜೀವಂತವಾಗಿದೆ. ಆ ಬೀದಿಗಳಲ್ಲಿ ಅದು 52ನೆಯ ಮನೆಯಲ್ಲಿ, ಳಕಾರದ ಮಗ್ಗುಲಲ್ಲಿಯೇ ಇದೆ. ಕನ್ನಡದಲ್ಲಿ ಮಾತ್ರ ಅದನ್ನು 94ರಲ್ಲಿ, 3294 ಎಂಬ ಸಂಖ್ಯೆಯಲ್ಲಿ, ದೂರ ಕೂರಿಸಿದ್ದಾರೆ; 52ನೆಯ ಮನೆ ಖಾಲಿಯಾಗಿದೆ. ದೇವನಾಗರಿಯ ಬೀದಿಯಲ್ಲಿ 94ನೆಯ ಮನೆಯು ಪಾರಸಿ ಪದಗಳಲ್ಲಿ ಬರುವ ಚುಕ್ಕೆಯುಳ್ಳ ಫಕಾರದ್ದು. ಕನ್ನಡದ ೞಕಾರಕ್ಕೆ ಯೂನಿಕೋಡಿನ ಪಟ್ಟಿಯಲ್ಲಿ ಕೊಟ್ಟಿರುವ ಹೆಸರೂ 'ಫ' ಎಂದೇ! ಇದು ತಪ್ಪು ಹೆಸರೆಂದು ಆ ಪಟ್ಟಿಯೇ ಟಿಪ್ಪಣಿಯಲ್ಲಿ ಒಪ್ಪಿಕೊಂಡಿದೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬ ಕಟ್ಟಳೆ ಇರುವುದರಿಂದ ಹಳಗನ್ನಡದ ಈ ಅಕ್ಷರವು ಪರರ ಹೆಸರನ್ನು ಹೊತ್ತೇ ಬಾಳಬೇಕಾಗಿದೆ. ಬಿಟ್‌ಗಳ ಕ್ರಿಯೆಯು ಅಕ್ಷರದ ಅರ್ಥವನ್ನು ಅರಿಯದು. ಅದು ಬಲ್ಲುದು ಮನೆಯ ಸಂಖ್ಯೆಯನ್ನು ಮಾತ್ರ. ಆದುದರಿಂದ ನಿಯಮ ಮುರಿಯುವ ಮನೆಗಳಾವುವೆಂದು ಪಟ್ಟಿಯನ್ನು ನೋಡಿ, ಅವುಗಳನ್ನು ಪ್ರೋಗ್ರಾಮಿನಲ್ಲಿ ಪ್ರತ್ಯೇಕವಾಗಿ ನಿರ್ವಹಿಸಬೇಕು.

ಇಂತಹುದೇ ಇನ್ನೊಂದು ಮೋಹವಿದೆ. ಎರಡು ಅಕ್ಷರಗಳನ್ನು ಎಕ್ಸಾರ್ ಮಾಡಿದರೆ ಅವು ಎಲ್ಲೆಲ್ಲಿ ಬೇರೆಯಾಗಿವೆಯೋ ಅಲ್ಲಿ ಮಾತ್ರ 1 ಉಳಿಯುತ್ತದೆಯಷ್ಟೆ. ತ-ಥ, ದ-ಧ, ಪ-ಫ, ಬ-ಭ ಈ ಜೋಡಿಗಳಲ್ಲಿ ಫಲವು 1 ಮಾತ್ರ. ಅಂದರೆ ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಕೊನೆಯ ಬಿಟ್‌ನಷ್ಟೇ ಭೇದ. ಇದನ್ನು ಕಂಡ ವಿದ್ಯಾರ್ಥಿಯು ಕೊನೆಯ ಬಿಟ್ಟೇ ಮಹಾಪ್ರಾಣದ ಗುರುತೆಂದು ಸಿದ್ಧಾಂತ ಮಾಡಿಬಿಟ್ಟಾನು! ಟ-ಠ ಜೋಡಿಯನ್ನು ಪರೀಕ್ಷಿಸಿದೊಡನೆ ಆ ಸಿದ್ಧಾಂತ ಕುಸಿಯುತ್ತದೆ. ಟಕಾರ 3231, ಠಕಾರ 3232. ಸಂಖ್ಯೆಗಳು ಪಕ್ಕಪಕ್ಕದವೇ ಆದರೂ ಎಕ್ಸಾರಿನ ಫಲ 111111, ಆರು ಬಿಟ್‌ಗಳು ಏಕಕಾಲದಲ್ಲಿ ತಿರುಗಿವೆ. ದಶಮಾನದಲ್ಲಿ 999 ಆದಮೇಲೆ 1000 ಬಂದಾಗ ಎಲ್ಲ ಅಂಕೆಗಳೂ ಬದಲಾಗುವಂತೆಯೇ ಇದು.

ಒಂದು ಸಂಖ್ಯೆಯಲ್ಲಿ ಎಷ್ಟು ಒಂದುಗಳಿವೆಯೆಂದು ಎಣಿಸಲು ಒಂದು ಚಮತ್ಕಾರವಾದ ಉಪಾಯವುಂಟು. ಯಾವುದೇ ಸಂಖ್ಯೆಯಿಂದ 1ನ್ನು ಕಳೆದರೆ ಅದರ ಬಲತುದಿಗೆ ಅತಿ ಹತ್ತಿರವಾದ 1 ಅಳಿದು 0 ಆಗಿ, ಅದರ ಬಲಕ್ಕಿರುವ ಸೊನ್ನೆಗಳೆಲ್ಲ ಒಂದುಗಳಾಗುತ್ತವೆ. 12 ಎಂದರೆ 1100; 11 ಎಂದರೆ 1011. ಇವೆರಡನ್ನು ಆಂಡ್ ಮಾಡಿದರೆ 1000. ಒಂದೇ ಒಂದು 1 ಕಳಚಿಬಿದ್ದಿತು. ಸಂಖ್ಯೆಯು ಸೊನ್ನೆಯಾಗುವವರೆಗೆ ಹೀಗೆಯೇ ಮಾಡುತ್ತ ಎಷ್ಟು ಸಲ ಮಾಡಿದೆವೆಂದು ಎಣಿಸಿದರೆ ಒಂದುಗಳ ಸಂಖ್ಯೆ ದೊರೆಯುತ್ತದೆ. ಪೀಟರ್ ವೆಗ್ನರ್ 1960ರಲ್ಲಿ ಪ್ರಕಟಿಸಿದ ಈ ಉಪಾಯಕ್ಕೆ, ಸಿ ಭಾಷೆಯ ಪ್ರಸಿದ್ಧ ಪಠ್ಯಪುಸ್ತಕದಲ್ಲಿ ಅಭ್ಯಾಸವಾಗಿ ಬಂದ ಕಾರಣದಿಂದ, ಆ ಪುಸ್ತಕದ ಕರ್ತರಲ್ಲೊಬ್ಬರಾದ ಬ್ರಯನ್ ಕರ್ನಿಘನ್ನರ ಹೆಸರು ಅಂಟಿಕೊಂಡಿದೆ. ಪುಸ್ತಕ ಬರೆದವರಿಗೆ ಸಿಗುವ ಲಾಭಗಳಲ್ಲಿ ಇದೂ ಒಂದು.

ಅಕ್ಷರವು ಯಂತ್ರದೊಳಕ್ಕೆ ಬರುವ ಬಾಗಿಲಲ್ಲಿಯೂ ಲಕಾರ ಳಕಾರಗಳನ್ನು ಬೇರ್ಪಡಿಸುವುದು ಬಿಟ್ಟೇ. ಕೆ. ಪಿ. ರಾವ್ ಅವರು ರೂಪಿಸಿದ, ಈಗ ಕನ್ನಡಿಗರು ವ್ಯಾಪಕವಾಗಿ ಬಳಸುವ ಕೀಲಿಮಣೆಯ ವಿನ್ಯಾಸದಲ್ಲಿ 'ಎಲ್' ಕೀಲಿಯನ್ನು ಒತ್ತಿದರೆ ಲ, ಶಿಫ್ಟ್ ಕೀಲಿಯೊಡನೆ ಒತ್ತಿದರೆ ಳ. ಯುಎಸ್‌ಬಿ ಕೀಲಿಮಣೆಯು ಕಳುಹಿಸುವ ವರದಿಯ ಮೊದಲನೆಯ ಬೈಟಿನಲ್ಲಿ, ಅಂದರೆ ಎಂಟು ಬಿಟ್‌ಗಳ ಗುಂಪಿನಲ್ಲಿ, ಎಡ ಶಿಫ್ಟಿಗೆ 2ರ ಸ್ಥಾನವೂ ಬಲ ಶಿಫ್ಟಿಗೆ 32ರ ಸ್ಥಾನವೂ ಮೀಸಲು. ಯಾವ ಶಿಫ್ಟನ್ನು ಒತ್ತಿದರೂ ಸರಿಯೆ ಎಂದು ತಿಳಿಯಬೇಕಾದರೆ ಆ ಬೈಟನ್ನು 34ರೊಡನೆ ಆಂಡ್ ಮಾಡಿ ಫಲವು ಸೊನ್ನೆಯಲ್ಲವೇ ಎಂದು ನೋಡಿದರೆ ಸಾಕು. ಎಂಟು ಹೌದು-ಅಲ್ಲಗಳನ್ನು ಒಂದೇ ಬೈಟಿನಲ್ಲಿ ಅಡಕಮಾಡುವ ಈ ಕ್ರಮವು ಯಂತ್ರಗಳ ಲೋಕದಲ್ಲಿ ಎಲ್ಲೆಲ್ಲೂ ಕಾಣಸಿಗುತ್ತದೆ.

ಇನ್ನು ಕಡತಗಳ ಮಾತು. 3251 ಎಂಬುದು 255ಕ್ಕಿಂತ ದೊಡ್ಡದಾದುದರಿಂದ ಒಂದು ಬೈಟಿನಲ್ಲಿ ಹಿಡಿಸುವುದಿಲ್ಲ. ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ಎಂಬುವರು 1992ರ ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯೂ ಜರ್ಸಿಯ ಉಪಾಹಾರಗೃಹವೊಂದರಲ್ಲಿ ಕುಳಿತು, ಮೇಜಿನ ಮೇಲೆ ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ರಚಿಸಿದ 'ಯುಟಿಎಫ್-8' ಎಂಬ ವಿಧಾನವನ್ನೇ ಇಂದು ಜಗತ್ತೆಲ್ಲ ಬಳಸುತ್ತಿದೆ. ಅದರಲ್ಲಿ ಕನ್ನಡದ ಸಂಖ್ಯೆಯನ್ನು ಹದಿನಾರು ಬಿಟ್‌ಗಳಾಗಿ ಬರೆದು, ನಾಲ್ಕು, ಆರು, ಆರು ಎಂದು ಮೂರು ತುಂಡು ಮಾಡುತ್ತಾರೆ: 0000, 110010, 110011. ಮೊದಲನೆಯ ತುಂಡಿಗೆ ಮುಂದುಗಡೆ 1110 ಎಂಬ ಗುರುತನ್ನೂ ಉಳಿದೆರಡಕ್ಕೆ 10 ಎಂಬ ಗುರುತನ್ನೂ ಆರ್ ಮೂಲಕ ಅಂಟಿಸಿದರೆ 224, 178, 179 ಎಂಬ ಮೂರು ಬೈಟುಗಳಾಗುತ್ತವೆ. ಹೀಗೆ ಕಳಲೆಗೆ ಹನ್ನೆರಡು ಬೈಟುಗಳು ಬೇಕು. ಆಂಗ್ಲ ಲಿಪಿಯಲ್ಲಿ ಬರೆದರೆ ಆರೇ ಸಾಕು. ಭೇದವನ್ನು ಉಳಿಸಿಕೊಳ್ಳಲು ತೆರುವ ಬೆಲೆಯೆಂದು ಇದನ್ನು ತಿಳಿಯಬಹುದು. ನನ್ನ ಎಣಿಕೆಯಲ್ಲಿ ಅದು ಹೆಚ್ಚಿನ ಬೆಲೆಯಲ್ಲ.

ಊರಿನ ಹೆಸರಿಗೆ ಹತ್ತೇ ಬೈಟುಗಳ ಜಾಗವನ್ನಿಟ್ಟ ನಮೂನೆಯೊಂದನ್ನು ಕಲ್ಪಿಸಿಕೊಳ್ಳಿ. ಹನ್ನೆರಡು ಬೈಟುಗಳ ಕಳಲೆಯನ್ನು ಕಣ್ಣುಮುಚ್ಚಿ ಹತ್ತಕ್ಕೆ ಕತ್ತರಿಸಿದರೆ ಎತ್ವದ ಮೊದಲ ಬೈಟಾದ 224 ಮಾತ್ರ ಅನಾಥವಾಗಿ ಉಳಿದು, ತೆರೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಯುಳ್ಳ ಕಪ್ಪು ವಜ್ರವೊಂದು ಮೂಡುತ್ತದೆ. ಇಂತಹ ವಜ್ರಗಳನ್ನು ಕನ್ನಡದ ವಾಚಕರು ಧಾರಾಳವಾಗಿ ಕಂಡಿದ್ದಾರೆ. ಇದಕ್ಕೆ ಪರಿಹಾರವು ಥಾಮ್ಸನ್ನರ ಗುರುತುಗಳಲ್ಲಿಯೇ ಅಡಗಿದೆ. ಕತ್ತರಿ ಬೀಳುವ ಸ್ಥಾನದ ಮುಂದಿನ ಬೈಟನ್ನು 192, ಎಂದರೆ 11000000, ಎಂಬ ಮುಸುಕಿನಿಂದ ನೋಡಬೇಕು. ಫಲವು 128 ಆದರೆ ಆ ಬೈಟ್ ಯಾವುದೋ ಅಕ್ಷರದ ಬಾಲವೆಂದು ತಿಳಿದು ಕತ್ತರಿಯನ್ನು ಒಂದು ಹೆಜ್ಜೆ ಹಿಂದಕ್ಕೆ ತರಬೇಕು. ಬಾಲವಲ್ಲದ ಬೈಟ್ ಸಿಗುವವರೆಗೆ ಹೀಗೆಯೇ. ನಮ್ಮ ಉದಾಹರಣೆಯಲ್ಲಿ ಕತ್ತರಿಯು ಒಂಬತ್ತಕ್ಕೆ ಸರಿದು 'ಕಳಲ' ಉಳಿಯುತ್ತದೆ. ಹೆಸರು ಅಪೂರ್ಣವೇ ಸರಿ, ಆದರೆ ಕಸವಿಲ್ಲ. ಅಕ್ಷರವನ್ನು ಅದರ ಸ್ವರಚಿಹ್ನೆಯಿಂದ ಬೇರ್ಪಡಿಸಬಾರದೆಂದರೆ ಇನ್ನೂ ಹಿಂದಕ್ಕೆ ನೋಡುವ ಬೇರೆ ನಿಯಮಗಳು ಬೇಕು.

ಇಲ್ಲಿ ಸಿ ಭಾಷೆಯನ್ನು ಕಲಿಯುವವರು ಒಂದು ಹಳ್ಳವನ್ನು ಗುರುತಿಟ್ಟುಕೊಳ್ಳಬೇಕು. 'ಬೈಟ್ & 192 == 128' ಎಂದು ಬರೆದರೆ ಆ ಭಾಷೆಯು ಮೊದಲು 192 ಮತ್ತು 128 ಸಮವೇ ಎಂದು ನೋಡಿ, ಅಲ್ಲವಾದುದರಿಂದ ಸೊನ್ನೆಯನ್ನು ಪಡೆದು, ಆ ಸೊನ್ನೆಯೊಡನೆ ಬೈಟನ್ನು ಆಂಡ್ ಮಾಡುತ್ತದೆ. ಫಲವು ಯಾವಾಗಲೂ ಸೊನ್ನೆ. ಕತ್ತರಿಯು ಎಂದಿಗೂ ಹಿಂದಕ್ಕೆ ಸರಿಯದು. '(ಬೈಟ್ & 192) == 128' ಎಂದು ಆವರಣ ಹಾಕುವುದು ಅತ್ಯವಶ್ಯ. ಪೈಥಾನಿನಲ್ಲಿ ಆಂಡ್ ಮೊದಲು ನಡೆಯುವುದರಿಂದ ಈ ತೊಂದರೆಯಿಲ್ಲವಾದರೂ ಆವರಣ ಹಾಕುವ ರೂಢಿಯಿಂದ ನಷ್ಟವಿಲ್ಲ.

ಪ್ರೋಗ್ರಾಂ ಬರೆಯುವವನ ತಪ್ಪಿಲ್ಲದೆಯೇ ಒಂದು ಬಿಟ್ ತಾನಾಗಿ ತಿರುಗಿಬಿಡುವುದೂ ಉಂಟು. 2003ರ ಮೇ ತಿಂಗಳಿನಲ್ಲಿ ಬೆಲ್ಜಿಯಂ ದೇಶದ ಸ್ಕಾರ್‌ಬೇಕ್ ಎಂಬಲ್ಲಿ ನಡೆದ ಮತದಾನದಲ್ಲಿ ಅಭ್ಯರ್ಥಿಯೊಬ್ಬರಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತಗಳು ಬಂದವು. ಮತ್ತೆ ಎಣಿಸಿದಾಗ ಹೆಚ್ಚಳವು ಸರಿಯಾಗಿ 4096 ಎಂದು ತಿಳಿಯಿತು. 4096 ಎಂಬುದು ದ್ವಿಮಾನದಲ್ಲಿ ಹದಿಮೂರನೆಯ ಸ್ಥಾನದ ಬೆಲೆ. ಒಂದೇ ಬಿಟ್ 0ಯಿಂದ 1ಕ್ಕೆ ತಿರುಗಿದುದರ ಕುರುಹು. ವಿಶ್ವಕಿರಣದ ಕಣವೊಂದು ಯಂತ್ರದ ನೆನಪಿಗೆ ತಾಗಿರಬಹುದೆಂದು ಊಹಿಸಲಾಯಿತು. ಆ ಬಿಟ್ ಮತಗಳ ಸಂಖ್ಯೆಯಲ್ಲಿರದೆ ಕಳಲೆಯ ಳಕಾರದ ಬಲತುದಿಯಲ್ಲಿದ್ದಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಲಲೆಯೂ ನೋಡುವುದಕ್ಕೆ ಒಂದು ಊರಿನ ಹೆಸರಿನಂತೆಯೇ ಇದೆಯಲ್ಲ!

ಇದನ್ನು ಕಾಯುವ ಅತಿ ಸರಳವಾದ ಉಪಾಯವು ಸಮ-ವಿಷಮಗಳ ಪರೀಕ್ಷೆ. ಕಳಲೆಯ ನಾಲ್ಕು ಸಂಖ್ಯೆಗಳಲ್ಲಿರುವ ಒಂದುಗಳನ್ನು ಎಣಿಸಿದರೆ ಕ್ರಮವಾಗಿ 6, 7, 6, 6, ಒಟ್ಟು 25. ಇದರ ಜೊತೆಗೆ ಇನ್ನೊಂದು ಕಾವಲು ಬಿಟ್ಟನ್ನು 1 ಎಂದು ಸೇರಿಸಿ ಮೊತ್ತವನ್ನು 26, ಎಂದರೆ ಸಮಸಂಖ್ಯೆ, ಮಾಡಿಡುತ್ತಾರೆ. ಳಕಾರವು ಲಕಾರವಾದೊಡನೆ ಮೊತ್ತವು 25ಕ್ಕೆ ಇಳಿದು ವಿಷಮವಾಗುತ್ತದೆ, ಕಳವು ಬಯಲಾಗುತ್ತದೆ. ಆದರೆ ಳಕಾರವು ಲಕಾರವೂ, ಅದೇ ಸಮಯದಲ್ಲಿ ಪಕ್ಕದ ಲಕಾರವು ಳಕಾರವೂ ಆಗಿಬಿಟ್ಟರೆ? ಒಂದು 1 ಕಡಮೆಯಾಗಿ ಇನ್ನೊಂದು 1 ಹೆಚ್ಚಾಯಿತು. ಮೊತ್ತ ಪುನಃ 26. 'ಕಲಳೆ' ಎಂಬುದು ಕಾವಲುಗಾರನ ಎದುರಿನಲ್ಲಿಯೇ ನಿರಾತಂಕವಾಗಿ ಹಾದುಹೋಗುತ್ತದೆ. ಬೆಲ್ ಪ್ರಯೋಗಶಾಲೆಯ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕಾವಲು ಬಿಟ್‌ಗಳು ಹಲವು. ಒಂದೊಂದೂ ಸ್ಥಾನಗಳ ಬೇರೆಬೇರೆ ಗುಂಪನ್ನು ಎಕ್ಸಾರಿನಿಂದ ಕಾಯುತ್ತದೆ. ಯಾವ ಯಾವ ಕಾವಲುಗಾರರು ಕೂಗಿಕೊಂಡರೆಂಬುದರಿಂದ ತಪ್ಪಿದ ಬಿಟ್ ಯಾವುದೆಂಬುದೇ ಗೊತ್ತಾಗುತ್ತದೆ. ಅದನ್ನು ತಿರುಗಿಸಿದರೆ ತಪ್ಪು ಸರಿಹೋಗುತ್ತದೆ. ದೊಡ್ಡ ಗಣಕಯಂತ್ರಗಳ ನೆನಪಿನಲ್ಲಿ ಸಾಮಾನ್ಯವಾಗಿ 64 ಬಿಟ್‌ಗಳಿಗೆ ಇಂತಹ ಎಂಟು ಕಾವಲು ಬಿಟ್‌ಗಳನ್ನು ಇಡುತ್ತಾರೆ. ಅಂತಹ ಯಂತ್ರದಲ್ಲಿ ಒಂದೇ ಗುಂಪಿನೊಳಗೆ ಕಳಲೆಯು ಕಲಲೆಯಾದರೆ ತಾನಾಗಿ ತಿದ್ದಿಕೊಳ್ಳುತ್ತದೆ. ಕಲಳೆಯಾದರೆ ತಿದ್ದಲಾರದಾದರೂ ತಪ್ಪಾಗಿದೆಯೆಂದು ಘೋಷಿಸಿ ಕೆಲಸವನ್ನು ನಿಲ್ಲಿಸುತ್ತದೆ.